ಕಾರ್ಬನ್‌ಗೆ ಎರಡೇ ಒಂಟಿ ಎಲೆಕ್ಟ್ರಾನ್, ನಾಲ್ಕು ಬಂಧ ಎಲ್ಲಿಂದ ಬಂತು?

ಪ್ರಶ್ನೆ: ಪ್ರಥಮ ಪಿಯುಸಿ ಓದ್ತಿದೀನಿ ಸರ್. ಕಾರ್ಬನ್‌ಗೆ 2ಎಸ್‌ನಲ್ಲಿ ಎರಡು, 2ಪಿಯಲ್ಲಿ ಎರಡು ಎಲೆಕ್ಟ್ರಾನ್. ಜೋಡಿಯಾಗದೆ ಉಳಿದವು ಎರಡೇ. ಮೀಥೇನ್‌ನಲ್ಲಿ ನಾಲ್ಕು ಬಂಧ ಹೇಗಾಯ್ತು? ಹೈಬ್ರಿಡೈಸೇಷನ್ ಆಗೋದು ಯಾವಾಗ?
– ವಿದ್ಯಾರ್ಥಿನಿ, ದಾವಣಗೆರೆ

ಉತ್ತರ: ಮೊದಲನೆಯದು ಲಾಭ–ನಷ್ಟದ ಲೆಕ್ಕ. 2ಪಿಯಲ್ಲಿ ಮೂರು ಆರ್ಬಿಟಲ್ (ಎಲೆಕ್ಟ್ರಾನ್ ಇರುವ ಜಾಗ), ಅದರಲ್ಲಿ ಒಂದು ಖಾಲಿ. 2ಎಸ್‌ನ ಒಂದು ಎಲೆಕ್ಟ್ರಾನನ್ನು ಆ ಖಾಲಿ ಜಾಗಕ್ಕೆ ಏರಿಸಲು ಮೋಲ್‌ಗೆ ಸುಮಾರು 400 ಕಿಲೊಜೂಲ್ ಖರ್ಚು. ಏರಿಸಿದರೆ ಇನ್ನೆರಡು ಕಾರ್ಬನ್–ಹೈಡ್ರೊಜನ್ ಬಂಧ ಸಿಗುತ್ತವೆ. ಒಂದೊಂದರಿಂದ ಸುಮಾರು 415 ಕಿಲೊಜೂಲ್ ವಾಪಸ್. ಹಾಕಿದ್ದರ ಎರಡರಷ್ಟು ಬರುವ ವ್ಯಾಪಾರ.

ಆದರೆ ಒಂದು ಎಸ್, ಮೂರು ಪಿ ಹಾಗೇ ಬಂಧ ಕಟ್ಟಿದ್ದರೆ ಮೂರು ಬಂಧ 90 ಡಿಗ್ರಿಯಲ್ಲಿ ನಿಂತು, ಒಂದು ಬೇರೆ ಥರ ಇರಬೇಕಿತ್ತು. ಅಳೆದು ನೋಡಿದರೆ ನಾಲ್ಕೂ ಒಂದೇ ಉದ್ದ, ಕೋನ 109.5 ಡಿಗ್ರಿ. 1931ರಲ್ಲಿ ಅಮೆರಿಕದ ರಸಾಯನ ವಿಜ್ಞಾನಿ ಲೈನಸ್ ಪೌಲಿಂಗ್ ಈ ನಾಲ್ಕು ಆರ್ಬಿಟಲ್‌ಗಳನ್ನು ಗಣಿತದಲ್ಲಿ ಬೆರೆಸಿ ನಾಲ್ಕು ಸಮಾನ ಎಸ್‌ಪಿ3 ಆರ್ಬಿಟಲ್ ಪಡೆದರು. ಈ ಬೆರೆಸುವಿಕೆಯೇ ಹೈಬ್ರಿಡೈಸೇಷನ್. ಬೆಣ್ಣೆದೋಸೆಗೆ ಅಕ್ಕಿ, ಉದ್ದು, ಮಂಡಕ್ಕಿ ಸೇರಿಸಿ ರುಬ್ಬಿದ ಮೇಲೆ ಈ ದೋಸೆ ಅಕ್ಕಿಯದು, ಆ ದೋಸೆ ಉದ್ದಿನದು ಅಂತ ಇರುತ್ತಾ? ಹಾಗೇ, ಪ್ರತಿಯೊಂದರಲ್ಲೂ ಕಾಲು ಭಾಗ ಎಸ್, ಮುಕ್ಕಾಲು ಭಾಗ ಪಿ. ಹೋಲಿಕೆ ಇಲ್ಲಿಗೇ ನಿಲ್ಲಲಿ: ದೋಸೆ ಎಷ್ಟು ಬೇಕಾದರೂ ಹುಯ್ಯಬಹುದು, ಆರ್ಬಿಟಲ್ ಮಾತ್ರ ನಾಲ್ಕು ಹಾಕಿದರೆ ನಾಲ್ಕೇ.

ಇನ್ನು 'ಯಾವಾಗ'. ಹೈಬ್ರಿಡ್ ಅಂದರೆ ಮೆಕ್ಕೆಜೋಳದ ಬೀಜ ನೆನಪಾಗಿ, ಇಲ್ಲೂ ಯಾವತ್ತೋ ತಳಿ ಬೆರೆಸಿರಬೇಕು ಅನ್ನಿಸುವುದು ಸಹಜ. ಅಂಥ ಗಳಿಗೆಯೇ ಇಲ್ಲ. ಇದು ಆಕಾರವನ್ನು ವಿವರಿಸುವ ಲೆಕ್ಕ, ನಡೆಯುವ ಘಟನೆಯಲ್ಲ. ಮೀಥೇನ್‌ನಿಂದ ಎಲೆಕ್ಟ್ರಾನ್ ಕಿತ್ತು ಶಕ್ತಿ ಅಳೆದರೆ ಬಂಧದ ಎಲೆಕ್ಟ್ರಾನ್‌ಗಳಿಗೆ ಒಂದಲ್ಲ, ಎರಡು ಮಟ್ಟ ಕಾಣುತ್ತವೆ: ಸುಮಾರು 14 ಮತ್ತು 23 ಎಲೆಕ್ಟ್ರಾನ್ ವೋಲ್ಟ್. ಆಕಾರ ಕೇಳಿದರೆ ಹೈಬ್ರಿಡೈಸೇಷನ್ ಚೆನ್ನಾಗಿ ಹೇಳುತ್ತದೆ, ಈ ಎರಡು ಮಟ್ಟಕ್ಕೆ ಎಲೆಕ್ಟ್ರಾನ್‌ಗಳು ಇಡೀ ಅಣುವಿಗೆ ಹರಡಿವೆ ಎನ್ನುವ ಮಾಲಿಕ್ಯುಲರ್ ಆರ್ಬಿಟಲ್ ಸಿದ್ಧಾಂತವೇ ಬೇಕು.

ಪರೀಕ್ಷೆಯಲ್ಲಿ ಅಂಕ ಹೋಗುವುದು ಯಾವ ಹೈಬ್ರಿಡೈಸೇಷನ್ ಎಂದು ಗುರುತಿಸುವ ಎಣಿಕೆಯಲ್ಲಿ. ಆ ಪರಮಾಣುವಿನ ಸಿಗ್ಮಾ ಬಂಧಗಳಿಗೆ (ಎರಡು ಪರಮಾಣುಗಳ ನಡುವಿನ ಮೊದಲ ಬಂಧ) ಅದರ ಲೋನ್ ಪೇರ್ (ಬಂಧಕ್ಕೆ ಸೇರದ ಎಲೆಕ್ಟ್ರಾನ್ ಜೋಡಿ) ಕೂಡಿಸಿ. 4 ಬಂದರೆ ಎಸ್‌ಪಿ3, 3 ಆದರೆ ಎಸ್‌ಪಿ2 (ಒಂದು ಎಸ್, ಎರಡು ಪಿ ಬೆರೆತದ್ದು), 2 ಆದರೆ ಎಸ್‌ಪಿ (ಒಂದು ಎಸ್, ಒಂದು ಪಿ). ಪೈ ಬಂಧ, ಅಂದರೆ ಜೋಡಿಬಂಧ ಅಥವಾ ತ್ರಿಬಂಧದಲ್ಲಿ ಸಿಗ್ಮಾ ಬಿಟ್ಟು ಉಳಿದದ್ದನ್ನು, ಎಣಿಸಬಾರದು. ಕಾರ್ಬನ್ ಡೈ ಆಕ್ಸೈಡ್‌ನ ಎರಡು ಜೋಡಿಬಂಧ ನೋಡಿ ನಾಲ್ಕು ಅಂತ ಬರೆಯುವವರೇ ಹೆಚ್ಚು. ಸಿಗ್ಮಾ ಎರಡೇ, ಆದ್ದರಿಂದ ಎಸ್‌ಪಿ. ಪಿ.ಬಿ. ರಸ್ತೆಯ ಗ್ಯಾರೇಜುಗಳಲ್ಲಿ ವೆಲ್ಡಿಂಗ್‌ಗೆ ಉರಿಸುವ ಅಸಿಟಲೀನ್‌ನ ಕಾರ್ಬನ್ ಕೂಡ ಎಸ್‌ಪಿಯೇ: ಒಂದು ಹೈಡ್ರೊಜನ್, ಒಂದು ಕಾರ್ಬನ್, ಲೋನ್ ಪೇರ್ ಸೊನ್ನೆ. ಅಣು ನೆಟ್ಟಗೆ, 180 ಡಿಗ್ರಿ.

ಕೋನ ಕಣ್ಣಲ್ಲಿ ಕಾಣಬೇಕಾದರೆ ಒಂದೇ ಅಳತೆಗೆ ಊದಿದ ನಾಲ್ಕು ಬಲೂನಿನ ಬಾಯಿ ಸೇರಿಸಿ ಬಿಗಿಯಾಗಿ ಕಟ್ಟಿ. ತಾವಾಗಿಯೇ ತಳ್ಳಾಡಿ ನಾಲ್ಕು ದಿಕ್ಕಿಗೆ ನಿಲ್ಲುತ್ತವೆ, ಮೀಥೇನ್ ಥರ. ಎರಡನ್ನು ತುಸು ದಪ್ಪ ಊದಿದರೆ ಉಳಿದೆರಡು ಹತ್ತಿರ ಸರಿಯುತ್ತವೆ. ನೀರು ಹಾಗೆ: ಎಣಿಕೆ 4, ಆದರೂ ಎರಡು ಲೋನ್ ಪೇರ್ ಹೆಚ್ಚು ಜಾಗ ಹಿಡಿದು ಕೋನ 104.5ಕ್ಕೆ ಇಳಿಯುತ್ತದೆ.

ಎಣಿಕೆ ಕೈಕೊಡುವುದೂ ಉಂಟು. ಹೊಲಕ್ಕೆ ಹಾಕುವ ಯೂರಿಯಾವನ್ನೇ ನೋಡಿ: ನೈಟ್ರೊಜನ್‌ಗೆ ಮೂರು ಸಿಗ್ಮಾ, ಒಂದು ಲೋನ್ ಪೇರ್, ಲೆಕ್ಕ ಎಸ್‌ಪಿ3 ಅನ್ನುತ್ತದೆ. ಹರಳಿನಲ್ಲಿ ಅಣು ಚಪ್ಪಟೆ. ಲೋನ್ ಪೇರ್ ಪಕ್ಕದ ಕಾರ್ಬನ್–ಆಕ್ಸಿಜನ್ ಜೋಡಿಬಂಧದ ಕಡೆ ಹರಡಿಕೊಂಡಿರುವುದರಿಂದ ಅಲ್ಲಿ ಎಸ್‌ಪಿ2 ಎಂದೇ ಬರೆಯಬೇಕು.