ಹಳೆಯ ಟೇಪು, ಹೊಸ ಎಲ್‌ಪಿ

1980ರ ಡಿಸೆಂಬರ್ 5ರ ರಾತ್ರಿ ಸ್ಯಾನ್ ಫ್ರಾನ್ಸಿಸ್ಕೋದ ವಾರ್‌ಫೀಲ್ಡ್ ರಂಗಮಂದಿರದಲ್ಲಿ ಪಾಕೊ ಡಿ ಲೂಸಿಯಾ, ಜಾನ್ ಮೆಕ್‌ಲಾಫ್ಲಿನ್, ಅಲ್ ಡಿ ಮಿಯೋಲಾ ಗಿಟಾರ್ ಹಿಡಿದು ಕೂತರು. ಡ್ರಮ್ಸ್ ಇಲ್ಲ, ಬೇಸ್ ಇಲ್ಲ. ಆ ಕಛೇರಿ ಮರುವರ್ಷ ‘ಫ್ರೈಡೇ ನೈಟ್ ಇನ್ ಸ್ಯಾನ್ ಫ್ರಾನ್ಸಿಸ್ಕೋ’ ಎಂಬ ಎಲ್‌ಪಿಯಾಯಿತು (ಐದರಲ್ಲಿ ಕೊನೆಯ ರಚನೆಯೊಂದು ಮಾತ್ರ ಸ್ಟುಡಿಯೋದ್ದು). ಇಂಥ ಆಲ್ಬಮ್ ಮತ್ತೆ ವಿನೈಲ್‌ನಲ್ಲಿ ಬಂದಾಗಲೆಲ್ಲ ಕೊಳ್ಳುವವರು ಮೊದಲು ಕೇಳುವ ಪ್ರಶ್ನೆ: ಯಾವ ಟೇಪನ್ನು ಓಡಿಸಿ ತಟ್ಟೆಯ ಗ್ರೂವ್ (ಮುಳ್ಳು ಓಡುವ ಗೀರು) ಕತ್ತರಿಸಿದ್ದು?

ಪ್ರಶ್ನೆ ಬರೀ ಗೀಳಲ್ಲ. ಎಡಕ್ಕೆ ಪಾಕೊ ಅವರ ನೈಲಾನ್ ತಂತಿ, ಬಲಕ್ಕೆ ಡಿ ಮಿಯೋಲಾ ಅವರ ಉಕ್ಕಿನ ತಂತಿ, ನಡುವೆ ಮೆಕ್‌ಲಾಫ್ಲಿನ್. ಮೀಟಿದ ಮೊದಲ ಕ್ಷಣದ ಚೂಪಿನಲ್ಲೇ ಆ ವ್ಯತ್ಯಾಸ ಇರುವುದು. ಟೇಪಿನಿಂದ ಟೇಪಿಗೆ ನಕಲು ಇಳಿದಂತೆ ಮೊದಲು ಮಾಸುವುದೂ ಅದೇ. ಜೊತೆಗೆ ಮೊದಲ ನಕಲಿನಲ್ಲೇ ಹಿಸ್ (ಟೇಪಿನ ‘ಸ್ಸ್’ ಸದ್ದು) ಸುಮಾರು 3 ಡೆಸಿಬೆಲ್ ಏರುತ್ತದೆ. ಹಿಂದೆ ಬೇರೆ ದೇಶಗಳ ಮುದ್ರಣಕ್ಕೆ ಹೋಗುತ್ತಿದ್ದುದು ಬಹುಪಾಲು ನಕಲು ಟೇಪೇ.

ಹಾಗಾದರೆ ಮೂಲ ಟೇಪನ್ನೇ ಬಳಸಬಾರದೇಕೆ? 1970ರ ದಶಕದ ನಡುವಿನಿಂದ ಬಂದ ಎಷ್ಟೋ ಟೇಪುಗಳ ಪಾಲಿಯುರೆಥೇನ್ ಅಂಟು ತೇವ ಹೀರಿ ಜಿಗುಟಾಗುತ್ತದೆ. ಓಡಿಸಿದರೆ ಟೇಪು ಕಿರುಗುಟ್ಟುತ್ತದೆ, ಕಂದು ಪುಡಿ ಟೇಪನ್ನು ಓದುವ ಹೆಡ್‌ಗೆ ಮೆತ್ತಿಕೊಳ್ಳುತ್ತದೆ. 50ರಿಂದ 55 ಡಿಗ್ರಿ ಸೆಲ್ಸಿಯಸ್‌ನಲ್ಲಿ ಎಂಟು ಗಂಟೆಗೂ ಹೆಚ್ಚು ಹೊತ್ತು ಒಣಶಾಖ ಕೊಟ್ಟರೆ ಕೆಲವು ವಾರ ಸುಧಾರಿಸುತ್ತದೆ, ಆಮೇಲೆ ಮತ್ತೆ ಹಳೇ ಪಾಡು. ಆ ಅವಕಾಶದಲ್ಲೇ ಹೆಚ್ಚಿನ ರೆಸಲ್ಯೂಷನ್ನಿನ ಡಿಜಿಟಲ್ ಪ್ರತಿ ಮಾಡಿಟ್ಟುಕೊಳ್ಳುವುದು ಜಾಣತನ. ಆದರೆ ‘ಪೂರ್ತಿ ಅನಲಾಗ್’ ಎಂದು ಮಾರುವವರಿಗೆ ಅದನ್ನು ಬಾಯಿಬಿಟ್ಟು ಹೇಳುವುದು ಕಷ್ಟ.

ಈ ಗುಟ್ಟು ಒಡೆದದ್ದು 2022ರಲ್ಲಿ, ಲೆಕ್ಕದ ದೆಸೆಯಿಂದ. ಸಾಮಾನ್ಯ ಕ್ರಮದಲ್ಲಿ ಟೇಪು ಓಡಿಸಿ ಲ್ಯಾಕರ್ ಡಿಸ್ಕ್ (ಮೆರುಗೆಣ್ಣೆ ಬಳಿದ ಮೆದು ತಟ್ಟೆ) ಕತ್ತರಿಸಿ, ಬೆಳ್ಳಿ ಸಿಂಪಡಿಸಿ, ನಿಕಲ್ ಲೇಪಿಸಿ ‘ಫಾದರ್’ ಎಂಬ ಲೋಹದ ಅಚ್ಚು ತೆಗೆಯುತ್ತಾರೆ. ಅದರಿಂದ ‘ಮದರ್’, ಮದರ್‌ನಿಂದ ಬೇಕಾದಷ್ಟು ಸ್ಟ್ಯಾಂಪರ್ (ವಿನೈಲ್ ಒತ್ತುವ ಅಚ್ಚು). ಒಂದೇ ಲ್ಯಾಕರ್‌ನಿಂದ ಸಾವಿರಾರು ಪ್ರತಿ ಸಿಗುತ್ತವೆ. ‘ಒನ್-ಸ್ಟೆಪ್’ ಕ್ರಮದಲ್ಲಿ ನಡುವಿನ ಎರಡು ಹಂತ ಇಲ್ಲ: ಒಂದು ಲ್ಯಾಕರ್‌ಗೆ ಒಂದೇ ಸ್ಟ್ಯಾಂಪರ್, ಹೆಚ್ಚೆಂದರೆ ಸಾವಿರದಷ್ಟು ಪ್ರತಿ. ಹಳೆಯ ಆಲ್ಬಮ್‌ಗಳನ್ನು ಮರುಮುದ್ರಿಸುವ ಅಮೆರಿಕದ ಮೊಬೈಲ್ ಫಿಡೆಲಿಟಿ ಕಂಪನಿ ಮೈಕಲ್ ಜಾಕ್ಸನ್ನರ ‘ಥ್ರಿಲ್ಲರ್’ ಅನ್ನು ಇದೇ ಕ್ರಮದಲ್ಲಿ 40,000 ಪ್ರತಿ ತರುತ್ತೇವೆಂದಾಗ ಬಲ್ಲವರ ಹುಬ್ಬೇರಿತು. ಬದಿಗೆ ನಲವತ್ತಾದರೂ ಲ್ಯಾಕರ್ ಬೇಕು. ಅಷ್ಟು ಸಲ ಅಂಥ ಮೂಲ ಟೇಪನ್ನು ಓಡಿಸಲು ಯಾರು ಬಿಟ್ಟಾರು? ನಡುವೆ ಡಿಎಸ್‌ಡಿ ಎಂಬ ಡಿಜಿಟಲ್ ಹಂತವಿದೆ, ಅದೂ 2011ರಿಂದಲೇ ಎಂಬುದು ಹೊರಬಿತ್ತು. ಗ್ರಾಹಕರು ಹೂಡಿದ ಮೊಕದ್ದಮೆ 25 ದಶಲಕ್ಷ ಡಾಲರ್ ರಾಜಿಯಲ್ಲಿ ಮುಗಿಯಿತು. ಹತ್ತು ವರ್ಷ ಅದೇ ತಟ್ಟೆಗಳನ್ನು ಹೊಗಳಿದ ಕಿವಿಗಳಿಗೆ ಡಿಜಿಟಲ್ ಗೊತ್ತಾಗಿರಲಿಲ್ಲ ಎಂಬುದನ್ನೂ ಮರೆಯುವಂತಿಲ್ಲ. ತಪ್ಪಿದ್ದುದು ಮುಚ್ಚಿಟ್ಟದ್ದರಲ್ಲಿ.

ಹೊದಿಕೆಯ ಮೇಲೆ ದಪ್ಪಕ್ಷರದಲ್ಲಿ ಬರುವ ‘180 ಗ್ರಾಂ’ಗೆ ಅಷ್ಟು ಬೆಲೆ ಕೊಡಬೇಕಿಲ್ಲ, ತೂಕ ಹೆಚ್ಚಿದರೆ ಗ್ರೂವ್ ಬದಲಾಗುವುದಿಲ್ಲ. 45 ಆರ್‌ಪಿಎಂ (ನಿಮಿಷಕ್ಕೆ 45 ಸುತ್ತು) ಮಾತ್ರ ನಿಜಕ್ಕೂ ಉಪಯೋಗದ್ದು. ಎಲ್‌ಪಿಯ ಮಾಮೂಲಿ ವೇಗವಾದ 33⅓ರಲ್ಲಿ ಹೊರ ಅಂಚಿನಲ್ಲಿ ಸೆಕೆಂಡಿಗೆ 51 ಸೆಂಟಿಮೀಟರ್ ಗ್ರೂವ್ ಮುಳ್ಳಿನಡಿ ಸಾಗಿದರೆ ಒಳತುದಿಯಲ್ಲಿ ಬರೀ 21. ಮೀಟಿನ ಚೂಪು ಅಲ್ಲೇ ಒರಟಾಗುವುದು. 45ರಲ್ಲಿ ಒಳತುದಿಯ ವೇಗ 28ಕ್ಕೆ ಏರುತ್ತದೆ, ಆದರೆ ಬದಿಯ ಅವಧಿ ಹತ್ತು-ಹನ್ನೆರಡು ನಿಮಿಷಕ್ಕೆ ಇಳಿಯುತ್ತದೆ. ಈ ಆಲ್ಬಮ್ಮಿನ ಮೊದಲ ರಚನೆಯೊಂದೇ ಸುಮಾರು ಹನ್ನೊಂದೂವರೆ ನಿಮಿಷ. ಹಾಗಾಗಿ 45ರಲ್ಲಿ ಎರಡು ತಟ್ಟೆ ಬೇಕೇ ಬೇಕು.

ಟೇಪು ಎಷ್ಟೇ ಚೆನ್ನಾಗಿದ್ದರೂ ಪ್ರೆಸ್ ಕೆಡಿಸಬಹುದು. ಶಾಖ ಅಥವಾ ಒತ್ತುವ ಸಮಯ ಕಡಿಮೆಯಾದರೆ ವಿನೈಲ್ ಗ್ರೂವನ್ನು ಪೂರ್ತಿ ತುಂಬುವುದಿಲ್ಲ. ಬಟ್ಟೆ ಹರಿದಂಥ ಸದ್ದು ಬರುತ್ತದೆ, ಹೆಚ್ಚಾಗಿ ಒಂದೇ ಚಾನೆಲ್‌ನಲ್ಲಿ. ತೊಳೆದರೆ ಹೋಗದು. ಓರೆ ಬೆಳಕಿನಲ್ಲಿ ಹಿಡಿದರೆ ಚುಕ್ಕಿ ಚುಕ್ಕಿಯಾಗಿ ಮಿನುಗುವುದು ಕಾಣುತ್ತದೆ. ನಡುವಿನ ತೂತು ಅರ್ಧ ಮಿಲಿಮೀಟರ್ ಸರಿದಿದ್ದರೂ ಸಾಕು, ಒಳತುದಿಯಲ್ಲಿ ಶ್ರುತಿ ಶೇಕಡಾ 0.8ರಷ್ಟು ಮೇಲೆ ಕೆಳಗೆ ಓಲಾಡುತ್ತದೆ. ಪರೀಕ್ಷೆ ಸುಲಭ: ತಟ್ಟೆ ಒಂದು ಸುತ್ತು ಬರುವಷ್ಟರಲ್ಲಿ ಟೋನ್‌ಆರ್ಮ್ (ಮುಳ್ಳು ಹಿಡಿದ ತೋಳು) ಎಡಬಲಕ್ಕೆ ತೂಗುತ್ತಿದೆಯೇ ನೋಡಿ. ತೂಗುವುದು ಕಣ್ಣಿಗೆ ಎದ್ದು ಕಾಣುವಷ್ಟಿದ್ದರೆ ಬದಲಿ ಪ್ರತಿ ಕೇಳಿ. ಅದರಲ್ಲೂ ಹಾಗೇ ಇದ್ದರೆ ಸ್ಟ್ಯಾಂಪರ್‌ನ ನಡುಬಿಂದುವೇ ಜರುಗಿರುವ ಸಂಭವ ಹೆಚ್ಚು. ಬೇರೆ ಸ್ಟ್ಯಾಂಪರ್‌ನ ಮುದ್ರಣ ಬರುವವರೆಗೆ ದುಡ್ಡು ವಾಪಸ್ ಪಡೆಯುವುದೇ ಸರಿ.