ಪ್ಲಿನಿಗೆ ಗೊತ್ತಿದ್ದ ಮೆಣಸು, ಗೊತ್ತಿಲ್ಲದ ಬಳ್ಳಿ

ಒಂದನೇ ಶತಮಾನದ ರೋಮಿನ ವಿದ್ವಾಂಸ ಹಿರಿಯ ಪ್ಲಿನಿ ಬರೆದ ಪ್ರಕೃತಿಯ ವಿಶ್ವಕೋಶ ‘ನ್ಯಾಚುರಾಲಿಸ್ ಹಿಸ್ಟೋರಿಯಾ’ದಲ್ಲಿ 37 ಭಾಗಗಳಿವೆ. ಮೆಣಸಿನ ಬೆಳೆಯಲ್ಲೇ ಕೆಲಸ ಮಾಡುವ ನಮ್ಮಂಥವರು 12ನೆಯದನ್ನು ಓದಿದರೆ ಮೊದಲು ನಗು ಬರುತ್ತದೆ.

ಅವನ ಪ್ರಕಾರ ಮೆಣಸು ಜುನಿಪರ್ (ಸೂಜಿ ಎಲೆಯ, ಪುಟ್ಟ ಹಣ್ಣು ಬಿಡುವ ಗಿಡ) ಥರದ ಮರ. ಅದರಲ್ಲಿ ಬೀನ್ಸ್‌ನಂಥ ಪುಟ್ಟ ಕಾಯಿ. ಬಾಯಿ ಬಿಡುವ ಮೊದಲೇ ಕಿತ್ತು ಒಣಗಿಸಿದರೆ ಹಿಪ್ಪಲಿ. ಮಾಗಿ ಬಿರಿದರೆ ಒಳಗೆ ಬಿಳಿ ಮೆಣಸು. ಅದೇ ಬಿಸಿಲಿಗೆ ಸುಕ್ಕುಗಟ್ಟಿದರೆ ಕರಿಮೆಣಸು!

ಅಡಿಕೆ ಮರಕ್ಕೆ ಹಬ್ಬಿದ ಬಳ್ಳಿ ನೋಡಿದವರಿಗೆ ಇದು ಮರವಲ್ಲ ಅಂತ ಹೇಳಬೇಕಿಲ್ಲ, ಅಲ್ವಾ? ತೆನೆಯಲ್ಲಿ ಒಂದೆರಡು ಕಾಳು ಕೆಂಪಾದಾಗ ಕೊಯ್ದು, ಸಿಪ್ಪೆ ಸಮೇತ ಒಣಗಿಸಿದರೆ ಕರಿ. ಪೂರ್ತಿ ಹಣ್ಣಾದದ್ದನ್ನು ನೆನೆಹಾಕಿ ಸಿಪ್ಪೆ ತಿಕ್ಕಿ ತೆಗೆದರೆ ಬಿಳಿ. ಹಿಪ್ಪಲಿಯದ್ದು ಬೇರೆಯದೇ ಬಳ್ಳಿ. ಅಲ್ಲಿ ಇಡೀ ತೆನೆಯನ್ನೇ ಒಣಗಿಸುತ್ತಾರೆ.

ಪ್ಲಿನಿ ಸೋಮಾರಿಯೇನಲ್ಲ. ಊಟ ಮಾಡುವಾಗಲೂ ಯಾರಾದರೂ ಪುಸ್ತಕ ಓದಿ ಹೇಳಬೇಕಿತ್ತು, ಇವನು ಟಿಪ್ಪಣಿ ಮಾಡಿಕೊಳ್ಳುತ್ತಿದ್ದ. ಸಾಯುವಾಗ 160 ಟಿಪ್ಪಣಿ ಸುರುಳಿ ಬಿಟ್ಟುಹೋದನೆಂದು ಅವನ ಸೋದರಿಯ ಮಗ ಬರೆದಿದ್ದಾನೆ. ಕ್ರಿ.ಶ. 79ರಲ್ಲಿ ವೆಸೂವಿಯಸ್ ಜ್ವಾಲಾಮುಖಿ ಸಿಡಿದಾಗ ಜನರನ್ನು ಕಾಪಾಡಲು ಹಡಗು ಹತ್ತಿ ಹೋದವನು ಸ್ಟೇಬಿಯೆಯ ದಡದಲ್ಲೇ ಸತ್ತ. ಆದರೆ ಭಾರತಕ್ಕೆ ಅವನು ಬಂದವನಲ್ಲ. ಗಿಡದ ಬಗ್ಗೆ ಬರೆದದ್ದು ಬೇರೆಯವರ ಮಾತು.

ಅಂಗಡಿಯ ಮಾತಿಗೆ ಬಂದರೆ ಕಥೆಯೇ ಬೇರೆ. ಅದು ಅವನೂರಿನ ವಿಷಯ. ಪೌಂಡಿಗೆ ಹಿಪ್ಪಲಿ 15 ಡಿನೇರಿಯಸ್ (ರೋಮಿನ ಬೆಳ್ಳಿ ನಾಣ್ಯ), ಬಿಳಿ 7, ಕರಿ 4 ಅಂತ ದರ ಬರೆದಿಡುತ್ತಾನೆ. ಹಿಪ್ಪಲಿಗೆ ಅಲೆಕ್ಸಾಂಡ್ರಿಯದ ಸಾಸಿವೆ ಬೆರೆಸುತ್ತಾರೆ, ಮೆಣಸಿಗೆ ಜುನಿಪರ್ ಹಣ್ಣು ಸೇರಿಸುತ್ತಾರೆ, ಆ ಹಣ್ಣು ಖಾರವನ್ನು ಹೀರಿಕೊಳ್ಳುತ್ತದೆ ಅಂತಾನೆ. ಸಿಹಿಯಿಲ್ಲ, ಅಂದವಿಲ್ಲ, ಬರೀ ಖಾರಕ್ಕಾಗಿ ಇದನ್ನು ಮೊದಲು ಊಟಕ್ಕೆ ಹಾಕಿಕೊಂಡವನು ಯಾರಪ್ಪಾ ಅಂತ ಗೊಣಗುತ್ತಾನೆ. ವರ್ಷಕ್ಕೆ 5 ಕೋಟಿ ಸೆಸ್ಟರ್ಷಿಯಸ್ (ನಾಲ್ಕು ಸೇರಿದರೆ ಒಂದು ಡಿನೇರಿಯಸ್) ಭಾರತಕ್ಕೆ ಹರಿದುಹೋಗುತ್ತಿದೆ ಎಂಬ ಸಂಕಟ ಬೇರೆ. ಕೇರಳ ಕರಾವಳಿಯ ಹಳೆಯ ಮುಜಿರಿಸ್ ಬಂದರಿನ ಹತ್ತಿರ ನಿಟ್ರಿಯಾಸ್ ಎಂಬಲ್ಲಿ ಕಡಲ್ಗಳ್ಳರಿದ್ದಾರೆ ಎಂದೂ ಎಚ್ಚರಿಸುತ್ತಾನೆ. ಅದು ನಮ್ಮ ನೇತ್ರಾವತಿಯ ಕಡೆಯ ಕರಾವಳಿ ಅನ್ನುವ ವಿದ್ವಾಂಸರಿದ್ದಾರೆ.

ಈಗ ಜುನಿಪರ್ ಬದಲು ಪಪ್ಪಾಯಿ ಬೀಜ ಬೆರೆಸುತ್ತಾರೆ. ಒಂದು ಹಿಡಿ ಮೆಣಸನ್ನು ಲೋಟದ ನೀರಿಗೆ ಹಾಕಿ. ಒಳ್ಳೆಯ ಕಾಳು ತಳಕ್ಕೆ ಹೋಗುತ್ತದೆ, ಪಪ್ಪಾಯಿ ಬೀಜ ತೇಲುತ್ತದೆ. ಜೊಳ್ಳು ಕಾಳೂ ತೇಲುತ್ತದೆ. ಹಾಗಾಗಿ ತೇಲಿದ್ದನ್ನು ಒಡೆದು ಮೂಸಿ ನೋಡಿ, ಆಮೇಲೆ ಬೇಕಾದರೆ ಅಂಗಡಿಯವನ ಹತ್ತಿರ ಜಗಳಕ್ಕೆ ಹೋಗಿ.