ಡ್ರ್ಯಾಗನ್‌ಬಾರ್ನ್ ಯಾಕೆ ಡ್ರ್ಯಾಗನ್ ಅಲ್ಲ: ಕ್ರೀಚರ್ ಟೈಪ್ ಬಗ್ಗೆ ಟಿಪ್ಪಣಿ

ಈ ಮಳೆಗಾಲದಲ್ಲಿ ನಮ್ಮ ವಿರಾಜಪೇಟೆ ಗುಂಪಿಗೆ ಡಿ ಆ್ಯಂಡ್ ಡಿ (ಡಂಜನ್ಸ್ ಆ್ಯಂಡ್ ಡ್ರ್ಯಾಗನ್ಸ್, ಪಾತ್ರ ವಹಿಸಿ ದಾಳ ಉರುಳಿಸುವ ಕಥೆಯಾಟ) ಆಡಲು ಹೊಸದಾಗಿ ಬಂದವರಿಗೆ ಇದು ಉಪಯೋಗವಾಗುತ್ತದೆ. ನನ್ನ ತಲೆಯಲ್ಲೂ ಗಟ್ಟಿಯಾಗಿ ಕೂರಲಿ ಅಂತ ಬರೆದಿಡುತ್ತಿದ್ದೇನೆ.

ಕ್ರೀಚರ್ ಟೈಪ್ ಅಂದರೆ ಆಟದ ಪ್ರತಿ ಜೀವಿಗೂ ನಿಯಮಪುಸ್ತಕ ಕೊಡುವ ವರ್ಗ. ಆಟದ ಐದನೇ ಆವೃತ್ತಿಯಲ್ಲಿ 14 ಟೈಪ್‌ಗಳಿವೆ. ಬಾಯಿಪಾಠ ಮಾಡಬೇಕಿಲ್ಲ, ಈ ಟಿಪ್ಪಣಿಗೆ ಡ್ರ್ಯಾಗನ್ ಮತ್ತು ಹ್ಯೂಮನಾಯ್ಡ್ (ಮನುಷ್ಯರು, ಮನುಷ್ಯರಂಥವರು) ಎರಡೇ ಸಾಕು.

ಗಂಟು ಇರುವುದು ಇಲ್ಲಿ. ಡ್ರ್ಯಾಗನ್‌ಬಾರ್ನ್ ಅಂದರೆ ಆಟಗಾರರು ಆರಿಸಿಕೊಳ್ಳಬಹುದಾದ ಒಂದು ಜನಾಂಗ. ಅವರಿಗೆ ಮೈತುಂಬ ಹುರುಪೆ, ಬಾಯಲ್ಲಿ ಬೆಂಕಿಯೋ ಆಸಿಡ್ಡೋ, ಹೆಸರಲ್ಲೇ ಡ್ರ್ಯಾಗನ್. ಆದರೂ ಟೈಪ್ ಹ್ಯೂಮನಾಯ್ಡ್. ವೈವರ್ನ್ ಎಂಬ ರೆಕ್ಕೆಯ ಮೃಗಕ್ಕೆ ಮಾತೂ ಬಾರದು, ಅದರ ಟೈಪ್ ಮಾತ್ರ ಡ್ರ್ಯಾಗನ್. ರಕ್ತ, ರೂಪ, ಭಾಷೆ, ಟೈಪ್ ನಾಲ್ಕೂ ಬೇರೆ ಬೇರೆ, ನಿಯಮ ಕೇಳುವುದು ಕೊನೆಯದನ್ನು ಮಾತ್ರ. ನಮ್ಮ ಕೊಡಗಿನ ಬಾಣೆಯಲ್ಲಿ (ಗದ್ದೆಗೆ ಸೇರಿದ ಕಾಡುಜಾಗ) ಕಾಫಿ ಎಷ್ಟು ಚೆನ್ನಾಗಿ ಬೆಳೆದಿದ್ದರೂ ಪಹಣಿಯಲ್ಲಿ ಬಾಣೆ ಅಂತಲೇ ಇರುತ್ತದಲ್ಲ, ಹಾಗೆ.

ಅನುಮಾನ ಬಂದಾಗಲೆಲ್ಲ ನಾನು ಮಾಡುವ ಪರೀಕ್ಷೆ ಒಂದೇ: ‘ಹೋಲ್ಡ್ ಪರ್ಸನ್’ ಹಿಡಿಯುತ್ತದಾ? ಎರಡನೇ ಹಂತದ ಈ ಸ್ಪೆಲ್‌ಗೆ (ಮಂತ್ರಕ್ಕೆ) ಹ್ಯೂಮನಾಯ್ಡ್ ಮಾತ್ರ ಗುರಿ. ಡ್ರ್ಯಾಗನ್‌ಬಾರ್ನ್ ಸೇವ್ (ತಪ್ಪಿಸಿಕೊಳ್ಳಲು ಉರುಳಿಸುವ ದಾಳ) ಸೋತರೆ ನಿಂತಲ್ಲೇ ಮರಗಟ್ಟುತ್ತಾನೆ. ವೈವರ್ನ್ ಮೇಲೆ ಅದು ನಡೆಯುವುದೇ ಇಲ್ಲ, ಐದನೇ ಹಂತದ ‘ಹೋಲ್ಡ್ ಮಾನ್ಸ್ಟರ್’ ಬೇಕು. ಇದನ್ನೇ ತಿರುಗಿಸಿ ನೋಡಿ. ಡ್ರ್ಯಾಗನ್ ಸ್ಲೇಯರ್ ಕತ್ತಿ ವೈವರ್ನ್‌ಗೆ ತಗುಲಿದರೆ 3ಡಿ6 (ಆರು ಮುಖದ ಮೂರು ದಾಳಗಳ ಮೊತ್ತ) ಹೆಚ್ಚುವರಿ ಪೆಟ್ಟು, ಡ್ರ್ಯಾಗನ್‌ಬಾರ್ನ್‌ಗೆ ತಗುಲಿದರೆ ಬರೀ ಕತ್ತಿ ಪೆಟ್ಟು. ನಿಮ್ಮ ಪಾತ್ರ ಡ್ರ್ಯಾಗನ್‌ಬಾರ್ನ್ ಆಗಿದ್ದರೆ ಒಂದು ಕಡೆ ನಷ್ಟ, ಇನ್ನೊಂದು ಕಡೆ ಲಾಭ. ನನಗಂತೂ ಈ ಸಮತೋಲನ ತುಂಬಾ ಇಷ್ಟ.

ಟೈಪ್ ಎಲ್ಲಿದೆ ಅಂದರೆ, ಪುಸ್ತಕದಲ್ಲಿ ಮಾನ್ಸ್ಟರ್ ಹೆಸರಿನ ಕೆಳಗಿನ ಸಾಲಿನಲ್ಲಿ, ಗಾತ್ರದ ಪಕ್ಕ. ಆವರಣದೊಳಗಿರುವುದು ಬರೀ ಟ್ಯಾಗ್, ಅಂದರೆ ಒಳವಿಂಗಡಣೆಯ ಗುರುತು.

ಹಾಫ್-ಡ್ರ್ಯಾಗನ್ ವಿಷಯದಲ್ಲಿ ಆವೃತ್ತಿ ಯಾವುದು ಅಂತ ಮೊದಲು ಕೇಳಿ. ಹಳೆಯ 3.5 ಆವೃತ್ತಿಯಲ್ಲಿ ಆ ಟೆಂಪ್ಲೇಟ್ (ಬೇರೆ ಜೀವಿಯ ಮೇಲೆ ಹೊದಿಸುವ ಬದಲಾವಣೆಗಳ ಪಟ್ಟಿ) ಹಾಕಿದ ಕೂಡಲೇ ಟೈಪ್ ಡ್ರ್ಯಾಗನ್ ಆಗುತ್ತದೆ. ಆಗ ಟೈಪ್ ಜೊತೆಗೇ ಸವಲತ್ತುಗಳೂ ಬರುತ್ತಿದ್ದವು: ನಿದ್ರೆಯ ಮಾಯೆ, ಪಾರ್ಶ್ವವಾಯು ಎರಡೂ ತಟ್ಟುವುದಿಲ್ಲ. ಐದನೇ ಆವೃತ್ತಿಯಲ್ಲಿ ಟೈಪ್‌ಗೆ ಸ್ವಂತ ಶಕ್ತಿಯಿಲ್ಲ, ಬೇರೆ ನಿಯಮಗಳು ಅದನ್ನು ನೋಡಿ ನಡೆಯುತ್ತವೆ ಅಷ್ಟೇ. ಎದುರಾಳಿ ಜೀವಿಗಳ ಪುಸ್ತಕವಾದ 2014ರ ಮಾನ್ಸ್ಟರ್ ಮ್ಯಾನ್ಯುಯಲ್‌ನ ಹಾಫ್-ರೆಡ್ ಡ್ರ್ಯಾಗನ್ ವೆಟರನ್ ಬೆಂಕಿ ಉಗುಳಿದರೂ ಹ್ಯೂಮನಾಯ್ಡ್. 2025ರ ಮಾನ್ಸ್ಟರ್ ಮ್ಯಾನ್ಯುಯಲ್‌ನಲ್ಲಿ ಹಾಫ್-ಡ್ರ್ಯಾಗನ್ ಮತ್ತೆ ಡ್ರ್ಯಾಗನ್.

ಅದೇ 2025ರ ಪುಸ್ತಕ ಕೋಬೋಲ್ಡ್‌ಗಳನ್ನೂ (ಹಲ್ಲಿಯಂಥ ಕುಳ್ಳ ಜೀವಿಗಳು) ಡ್ರ್ಯಾಗನ್ ಮಾಡಿದೆ, ಮೊದಲು ಅವು ಹ್ಯೂಮನಾಯ್ಡ್ ಆಗಿದ್ದವು. ಆದರೆ ಆಟಗಾರರಿಗಾಗಿ 2022ರಲ್ಲಿ ಬಂದ ಕೋಬೋಲ್ಡ್ ಇನ್ನೂ ಹ್ಯೂಮನಾಯ್ಡ್. ಎರಡೂ ಪುಸ್ತಕ ಒಂದೇ ಮೇಜಿಗೆ ಬಂದರೆ, ಎದುರಾಳಿ ಕೋಬೋಲ್ಡ್ ‘ಹೋಲ್ಡ್ ಪರ್ಸನ್’ಗೆ ಸಿಗುವುದಿಲ್ಲ, ನಿಮ್ಮ ಕೋಬೋಲ್ಡ್ ಸಿಗುತ್ತದೆ. ಒಂದೇ ಗೂಡಿನ ಅಣ್ಣತಮ್ಮಂದಿರಿಗೆ ಎರಡು ಟೈಪ್ ನನಗೆ ಸರಿ ಕಾಣುವುದಿಲ್ಲ, ಇಬ್ಬರನ್ನೂ ಡ್ರ್ಯಾಗನ್ ಮಾಡುವುದೇ ಚೆಂದ. ತೀರ್ಮಾನ ಡಿಎಂ (ಡಂಜನ್ ಮಾಸ್ಟರ್, ಆಟ ನಡೆಸುವವರು) ಅವರದು. ಕೋಬೋಲ್ಡ್ ಆಡುವವರು ಮೊದಲ ದಿನವೇ ಅವರನ್ನು ಕೇಳಿ, ಕ್ಯಾರೆಕ್ಟರ್ ಶೀಟ್‌ನಲ್ಲಿ ಹೆಸರಿನ ಪಕ್ಕದಲ್ಲೇ ಟೈಪ್ ಬರೆದುಕೊಳ್ಳಿ.